ಬೆಟ್ಟ ಕಾಣುವ ಕೊನೆಯ ತಿರುವು

ಮಡಕಶಿರದ ಬೆಟ್ಟದ ಕೆಳಗೆ ಮನೆಮಂದಿಯೆಲ್ಲ ಟೆಂಟ್ ಹಾಕಿ ಎರಡು ದಿನವಾದರೂ ಅಕ್ಕನಿಗೆ ಒಂದು ಒಳ್ಳೆಯ ಫೋಟೊ ಸಿಕ್ಕಿರಲಿಲ್ಲ. ಹೋದಲ್ಲೆಲ್ಲ ಮೆಟ್ಟಿಲು, ಇಲ್ಲವೇ ಕಲ್ಲು. ಅವಳ ಗಾಲಿಕುರ್ಚಿ ಮುಂದೆ ಹೋಗುತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವಾಕೆ ನಮ್ಮ ಮಾತು ಕೇಳಿಸಿಕೊಂಡು ಹೇಳಿದಳು: "ಬೆಂಗ್ಳೂರು ರೋಡಲ್ಲಿ ಒಂದು ತಿರುವು ಐತೆ, ಅಲ್ಲಿಗೋಗಿ. ಬೆಟ್ಟ ಪೂರ್ತಿ ಕಾಣ್ತದಂತೆ, ಅದು ದಾಟಿದ್ರೆ ಕಾಣಲ್ವಂತೆ. ನನ್ ಮಗಳು ಹೋದ ತಿಂಗ್ಳು ಗಾರ್ಮೆಂಟ್ಸ್ ಕೆಲ್ಸಕ್ಕೆ ಹೋದ್ಲು. ಆ ತಿರುವಿನ ಗಂಟ ಬೆಟ್ಟ ನೋಡ್ಕಂಡ್ ಹೋಗಕ್ಕೆ ಅಂತ ಹಿಂದ್ಲ ಸೀಟೇ ಹಿಡಿದ್ಲು."

"ನೀವು ನೋಡಿದೀರಾ?" ಅಕ್ಕ ಕೇಳಿದಳು.

"ನಾನೆಲ್ಲಿ ನೋಡ್ಲಮ್ಮ, ಇಲ್ಲೇ ಇರ್ತೀನಲ್ಲ."

ತಿರುವಿನಲ್ಲಿ ರಸ್ತೆ ಮಟ್ಟಸವಾಗಿತ್ತು. ಬೆಟ್ಟ ಕೋಟೆಯ ಸಮೇತ ಎದುರಿಗಿತ್ತು. ಅಕ್ಕ ಕ್ಯಾಮೆರಾ ಎತ್ತುವಷ್ಟರಲ್ಲಿ ಬೆಂಗಳೂರಿನ ಬಸ್ಸು ನಮ್ಮನ್ನು ದಾಟಿ ಹೋಯಿತು. ಎತ್ತಿಹಾಕುತ್ತದೆಂದು ಜನ ಖಾಲಿ ಬಿಡುವ ಹಿಂದಿನ ಸೀಟು ಇಲ್ಲಿ ಭರ್ತಿಯಾಗಿತ್ತು. ಹಿಂದಿನ ಗಾಜಿನ ತುಂಬ ಹುಡುಗಿಯರ ಮುಖಗಳು, ನಮ್ಮ ತಲೆಯ ಮೇಲಿಂದ ಬೆಟ್ಟವನ್ನೇ ನೋಡುತ್ತಿದ್ದವು.

"ಕುರ್ಚಿ ತಿರುಗಿಸು" ಅಂದಳು ಅಕ್ಕ. ಬೆಟ್ಟಕ್ಕೆ ಬೆನ್ನು ಹಾಕಿ, ಬಸ್ಸಿನ ಆ ಗಾಜಿನದೇ ಒಂದೇ ಒಂದು ಫೋಟೊ ತೆಗೆದಳು.

ವಾಪಸು ಬಂದು ಕಡಲೆಕಾಯಿಯಾಕೆಗೆ ತೋರಿಸಿದೆವು. ಬೆಟ್ಟ ಎಲ್ಲಿ ಎಂದು ಆಕೆ ಕೇಳಲಿಲ್ಲ. ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಮುಖ ನೋಡುತ್ತ ಹೋದಳು.