ಬಿರುಕಿನ ಮೇಲಿನ ಕಾಗದ

ಮೊನ್ನೆ ಮೊಮ್ಮಗಳಿಗೆ ಗಾಳಿಪಟ ಅಂಟಿಸಬೇಕಿತ್ತು. ಮನೆಯಲ್ಲಿ ಗೋಂದು ಇರಲಿಲ್ಲ. ಮೈದಾ ಕಲಸಿ ಒಲೆಯ ಮೇಲಿಟ್ಟು ತಿರುವುತ್ತಿದ್ದೆ. ಅದು ಗಟ್ಟಿಯಾಗುವಾಗ ಎದ್ದ ಹಸಿ ವಾಸನೆಗೆ ನನ್ನ ಕೈ ನಿಂತುಹೋಯಿತು. ತಳ ಹತ್ತಿ, ಮೊಮ್ಮಗಳ ಕೈಲಿ ಚೆನ್ನಾಗಿ ಬೈಸಿಕೊಂಡೆ. ನೆನಪಾದದ್ದು ಸಿಲೋನ್ ಅಜ್ಜಿ...

ಎಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಬಾಪೂಜಿ ನಗರದ ವಠಾರಕ್ಕೆ ಬಂದಾಗ ಅವರು ಪಕ್ಕದ ಮನೆಯಲ್ಲಿದ್ದರು. ಸಿಲೋನಿನ ಟೀ ಎಸ್ಟೇಟಿನಲ್ಲಿ ಎಲೆ ಕಿತ್ತು, ವಯಸ್ಸಾದ ಮೇಲೆ ಮಗನ ಜೊತೆ ಹಡಗು ಹತ್ತಿ ಈ ಕಡೆ ಬಂದವರು. ಮಗ ಬಿನ್ನಿಪೇಟೆಯಲ್ಲಿ ಲಾರಿಗಳಿಗೆ ಮೂಟೆ ಹೊರುತ್ತಿದ್ದ. ಅಜ್ಜಿ ಹಳೇ ಪೇಪರಿನಲ್ಲಿ ಕವರ್ ಮಾಡಿ ದಿನಸಿ ಅಂಗಡಿಗಳಿಗೆ ಕೊಡುತ್ತಿದ್ದರು. ಅವರ ಮನೆ ತುಂಬ ಮೈದಾ ಅಂಟಿನ ವಾಸನೆ.

ವಠಾರದ ಹಿತ್ತಲಿಗೆ ಎತ್ತರದ ಕಲ್ಲುಗೋಡೆ, ಅದರಾಚೆ ದಿಬ್ಬ. ಯಾರೋ ಸೈಟು ಮಟ್ಟ ಮಾಡಲು ದಿಬ್ಬದ ಮೇಲೆ ಲಾರಿಗಟ್ಟಲೆ ಮಣ್ಣು ಸುರಿಸಿದ್ದರು. ಆ ವರ್ಷ ಮಳೆ ಬಿಡಲೇ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮಳೆ ತಾಗದ ಹಾಗೆ ಹಾಕಿದ್ದ ತಗಡಿನ ಶೀಟಿನ ಕೆಳಗೆ, ಗೋಡೆಯಲ್ಲಿ ಬಿರುಕು ಕಾಣಿಸಿತು. ಅಜ್ಜಿ ಅದಕ್ಕೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿದರು. ವಠಾರವೆಲ್ಲ ನಕ್ಕಿತು.

"ಏನಜ್ಜಿ, ಗೋಡೆಗೆ ಬ್ಯಾಂಡೇಜಾ?" ಎಂದು ನಾನೂ ಕೇಳಿದೆ.

"ನಗು ಕಣಮ್ಮ, ನಗು. ಆ ಕಾಗದ ಹರೀತು ಅಂದ್ರೆ ಹಿಂದೆ ಮಣ್ಣು ಜರೀತಾ ಇದೆ ಅಂತ. ಆಗ ಪಾತ್ರೆ ಪಗಡ ನೋಡ್ಬೇಡ. ಬೀದಿಗೆ ಓಡು."

ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು, ತಮ್ಮ ಹಿತ್ತಲ ಬಾಗಿಲಲ್ಲೇ ನಿಂತು ಆ ಕಾಗದ ನೋಡುತ್ತಿದ್ದರು. ಎರಡು ಸಲ ಹರಿಯಿತು. ಎರಡು ಸಲವೂ ನಮ್ಮನ್ನು ಬೀದಿಯಲ್ಲಿ ನಿಲ್ಲಿಸಿದರು. ಏನೂ ಆಗಲಿಲ್ಲ. ನಮಗೆಲ್ಲ ಬೇಸರ ಬಂತು. ಅವರು ಮಾತ್ರ ಹೊಸ ಕಾಗದ ಅಂಟಿಸಿದರು.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಮದುವೆಯಾದ ಮೇಲೆ ನನ್ನ ಮೊದಲ ಗೌರಿ. ತವರಿನವರು ಬಾಗಿನ ತರುವವರಿದ್ದರು. ಹಿತ್ತಲಲ್ಲಿ ಆ ಪೇಪರ್ ಚೂರು ಕಂಡರೆ ಏನೆಂದುಕೊಂಡಾರು ಎಂದು ನನಗೆ ನಾಚಿಕೆ. ಅಜ್ಜಿ ಕವರ್ ಕೊಡಲು ಹೋಗಿದ್ದಾಗ ಕಾಗದ ಕಿತ್ತೆ. ಬಿರುಕಿಗೆ ಗಟ್ಟಿ ಸುಣ್ಣ ಮೆತ್ತಿ, ಗೋಡೆಗೆಲ್ಲ ಎರಡು ಸಲ ಸುಣ್ಣ ಹೊಡೆದೆ. ಕೆಲಸ ಚೆನ್ನಾಗಿಯೇ ಆಗಿತ್ತು, ಹಾಳಾಗಿ ಹೋಗಲಿ.

ಸಂಜೆ ಬಂದ ಅಜ್ಜಿ ಬಿಳಿ ಗೋಡೆಯ ಮೇಲೆ ಬಿರುಕಿದ್ದ ಜಾಗವನ್ನು ಬೆರಳಿನಿಂದ ಸವರಿ ಹುಡುಕಿದರು. ಬೈಯಲಿಲ್ಲ. "ನಾನೂ ಹಿಂಗೇ ಮಾಡಿದ್ದೆ," ಎಂದರು. "ಅಲ್ಲಿ, ಎಸ್ಟೇಟ್ ಲೈನ್ ಮನೇಲಿ. ದೀಪಾವಳಿ ಅಂತ ಗೋಡೆ ಬಿರುಕಿಗೆ ಸಗಣಿ ಮಣ್ಣು ಮೆತ್ತಿಬಿಟ್ಟೆ. ಮೂರನೇ ದಿನ ಬೆಟ್ಟ ಕೆಳಗೆ ಬಂತು. ನನ್ನ ಮಗಳು ಒಳಗಿದ್ಲು."

ನಾನು ಏನು ಹೇಳಿದೆ ಗೊತ್ತೇ? "ಹಬ್ಬ ಮುಗೀಲಿ ಅಜ್ಜಿ, ಹೊಸ ಕಾಗದ ಅಂಟಿಸೋಣ." ಎಷ್ಟು ಸಲೀಸಾಗಿ ಹೇಳಿದೆ...

ಹಬ್ಬದ ದಿನ ಬೆಳಗಿನಿಂದಲೇ ಮಳೆ ಹುಯ್ಯಿತು. ರಾಜಕಾಲುವೆ ಉಕ್ಕಿ ಕೆಂಪು ನೀರು ಬೀದಿಯ ತುದಿಗೆ ಬಂದಿತ್ತು. ಮಧ್ಯಾಹ್ನ ನಾವೆಲ್ಲ ಎಲೆಯ ಮುಂದೆ ಕೂತಿದ್ದೆವು. ಹಿತ್ತಲಲ್ಲಿ ಅಜ್ಜಿ ಚಾಕುವಿನಿಂದ ಸುಣ್ಣ ಕೆರೆಯುವುದು ಕೇಳಿಸುತ್ತಿತ್ತು. ಸುಣ್ಣ ಒಣಗಿ ಗೋಡೆಯ ತುಂಬ ಕೂದಲೆಳೆ ಸೀಳು ಬಿಟ್ಟಿತ್ತು. ಯಾವುದು ಸುಣ್ಣದ್ದು, ಯಾವುದು ಗೋಡೆಯದ್ದು ದೂರದಿಂದ ತಿಳಿಯುತ್ತಿರಲಿಲ್ಲ. ಹತ್ತಿರ ಹೋಗಿಯೇ ನೋಡಬೇಕಿತ್ತು.

"ಬೆರಳು ಒಳಗೆ ಹೋಗ್ತಾ ಇದೆ! ಎಲ್ಲಾ ಓಡಿ! ಬೀದಿಗೆ ಓಡಿ!"

ಎಂಜಲು ಕೈಯಲ್ಲೇ ಓಡಿದೆವು. ನನ್ನ ಅಪ್ಪ, ಅಮ್ಮ, ಅತ್ತೆ, ವಠಾರದ ಒಂಬತ್ತು ಮನೆಯವರೂ ಬೀದಿಯಲ್ಲಿ ನೆನೆಯುತ್ತ ನಿಂತಿದ್ದೆವು. ಹಿಂದೆ ಗೋಡೆ ಕುಸಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆ ಇಳಿಸಿದ ಹಾಗೆ ಒಂದು ಸದ್ದು, ಅಷ್ಟೆ. ಅಜ್ಜಿ ಬರಲಿಲ್ಲ. ಮಣ್ಣು ತೆಗೆಯಲು ಅವರ ಮಗನೂ ಬಂದ...

ಕಾಗದ ಅಲ್ಲೇ ಇದ್ದಿದ್ದರೆ ಅವರು ತಮ್ಮ ಬಾಗಿಲಲ್ಲಿ ನಿಂತೇ ನೋಡುತ್ತಿದ್ದರು. ನಮ್ಮ ಜೊತೆ ಬೀದಿಗೆ ಬರುತ್ತಿದ್ದರು. ಇದನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಉತ್ತರ ಬೇರೆ ಬರುವುದಿಲ್ಲ.

ಅವರ ಮಗನಿಗೂ ಈಗ ವಯಸ್ಸಾಗಿದೆ. ಒಮ್ಮೊಮ್ಮೆ ಮಾರ್ಕೆಟ್ಟಿನಲ್ಲಿ ಸಿಗುತ್ತಾನೆ. "ಮಳೆ ಅಕ್ಕ, ಮಳೆ ತಗೊಂಡ್ ಹೋಯ್ತು ಅಮ್ಮನ್ನ," ಎನ್ನುತ್ತಾನೆ. ನಾನು ಹೌದೆಂದು ತಲೆಯಾಡಿಸುತ್ತೇನೆ.