ಒಂಬತ್ತು ಸಾಲಿನ ಉಸಿರು

೧೯೩೮ನೇ ಇಸವಿಯಲ್ಲಿ ನಾನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಓವರ್‌ಸಿಯರ್ ಆಗಿದ್ದೆ. ವಯಸ್ಸು ಇಪ್ಪತ್ತೆಂಟು. ಕೆರೆಗಳ ಏರಿ, ತೂಬು, ಕೋಡಿಗಳನ್ನು ಅಳೆಯುವುದು, ದುರಸ್ತಿಯ ಅಂದಾಜು ಬರೆಯುವುದು, ಮುಂದೆ ನಿಂತು ಕೆಲಸ ಮಾಡಿಸುವುದು ನನ್ನ ನೌಕರಿ. ಸರ್ಕಾರ ಒಂದು ಲೆವೆಲ್ ಯಂತ್ರ, ಒಂದು ಟೇಪು ಕೊಟ್ಟಿತ್ತು. ಸೈಕಲ್ಲು ನನ್ನದೇ. ಮೂವತ್ತು ವರ್ಷದ ಸೇವೆಯಲ್ಲಿ ಎಷ್ಟೋ ಸೇತುವೆ, ನಾಲೆಗಳ ಕೆಲಸ ಮಾಡಿಸಿದ್ದೇನೆ. ಆದರೂ ಹೆಮ್ಮೆಪಡುವ ದಿನ ಯಾವುದೆಂದು ಕೇಳಿದವರಿಗೆ ಆ ವರ್ಷದ ಅಕ್ಟೋಬರ್ ತಿಂಗಳ ಒಂದು ಬೆಳಗನ್ನೇ ಹೇಳುತ್ತೇನೆ. ಆವತ್ತು ನಾನು ಮಾಡಿದ ಕೆಲಸ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ಹಾಸನದಲ್ಲಿ ನಮ್ಮ ತಂದೆಯವರದು ಜವಳಿ ಅಂಗಡಿ. ಶಿವಪೂಜೆ ಮುಗಿಯದೆ ಅವರು ಒಂದು ದಿನವೂ ಅಂಗಡಿಯ ಬಾಗಿಲು ತೆಗೆದವರಲ್ಲ. ನಾನು ಬೆಂಗಳೂರಿನಲ್ಲಿ ಓದುವಾಗಲೇ ದೇವರನ್ನು ಬಿಟ್ಟೆ. ಸದ್ದಿಲ್ಲದೆ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ, ನಾನು ಹೋದಲ್ಲೆಲ್ಲ ಸಾರಿಕೊಂಡು ಬಂದೆ. ಕೆಲಸಕ್ಕೆ ಮುಂಚೆ ಗುದ್ದಲಿ ಪೂಜೆ ಆಗಲಿ ಎಂದು ಯಾರಾದರೂ ಅಂದರೆ, "ಗುದ್ದಲಿಗೆ ಗಟ್ಟಿ ಕಾವು ಹಾಕಿಸಿ, ಸಾಕು" ಎನ್ನುತ್ತಿದ್ದೆ. ತಾಲ್ಲೂಕಿನಲ್ಲಿ ನನಗೆ "ದ್ಯಾವ್ರಿಲ್ದ ವಾರ್ಸೀರು" ಎಂಬ ಹೆಸರು ಬಿದ್ದಿತ್ತು. ಅದು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಖುಷಿಪಡುತ್ತಿದ್ದೆ.

ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ನನಗೆ ಈಗಲೂ ಬೇಕಾದವರು. ದೊಡ್ಡ ಕೆರೆ, ಏರಿಯ ಕೆಳಗೇ ಅರವತ್ತು ಮನೆ. ಮೂರು ವರ್ಷ ಹಿಂದೆ ಆ ಏರಿಯ ಮೇಲಿದ್ದ ಹಳೆಯ ಅತ್ತಿಮರವೊಂದನ್ನು ನಾನು ಕಡಿಸಿದ್ದೆ. ಏರಿಯ ಮೇಲೆ ಮರ ಇರಕೂಡದು, ಬೇರು ಮಣ್ಣನ್ನು ಸಡಿಲ ಮಾಡುತ್ತದೆ ಎಂಬುದು ಇಲಾಖೆಯ ನಿಯಮ. ಅದು ಕೆರೆ ಕಾಯುವ ದೇವತೆ ಗಂಗವ್ವನ ಮರ, ಮುಟ್ಟಬೇಡಿ ಎಂದು ಊರವರು ಕೈಮುಗಿದರು. ನಾನು ನಿಯಮ ಓದಿ ಹೇಳಿ, ಬುಡವನ್ನು ನೆಲಮಟ್ಟಕ್ಕೆ ಕೊಯ್ಸಿ, ಗೆದ್ದವನ ಹಾಗೆ ಸೈಕಲ್ ಹತ್ತಿದೆ. ಬೇರನ್ನೂ ಅಗೆದು ತೆಗೆಸಿ, ಆ ಜಾಗಕ್ಕೆ ಜೇಡಿಮಣ್ಣು ತುಂಬಿ ದಿಮ್ಮಸು ಹೊಡೆಸಬೇಕೆಂದು ಅದೇ ನಿಯಮದ ಮುಂದಿನ ಸಾಲಿನಲ್ಲಿತ್ತು. ಆ ಸಾಲನ್ನು ನಾನು ಓದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿಯೂ ಬಿಟ್ಟಿದ್ದೆ.

ಆ ಅಕ್ಟೋಬರಿನಲ್ಲಿ ಒಂದು ವಾರ ಬಿಡದೆ ಮಳೆ ಹೊಡೆಯಿತು. ಕೆರೆ ತುಂಬಿ ಕೋಡಿ ಹರಿಯಿತು. ಮಳೆ ನಿಂತ ಮಾರನೆಯ ಬೆಳಗ್ಗೆ ಊರಿನ ತಳವಾರ ಪಟ್ಟಣಕ್ಕೆ ಓಡಿಬಂದು ನನ್ನ ಬಾಗಿಲು ಬಡಿದ. "ಏರಿ ಇಂದ್ಗಡೆ ನೀರು ಚಿಮ್ತಾ ಅದೆ ಸಾ, ಬಿರ್ರನೆ ಬನ್ನಿ" ಎಂದ. ಅವನನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿದೆ. ಏರಿಯ ಹಿಂಬದಿಯ ಬುಡದಲ್ಲಿ ತೋಳು ಗಾತ್ರದ ನೀರು ಹೊರಬರುತ್ತಿತ್ತು. ನೀರು ಕೆಂಪಾಗಿತ್ತು. ಏರಿಯಿಂದ ತಿಳಿನೀರು ಜಿನುಗಿದರೆ ಅಷ್ಟು ಭಯವಿಲ್ಲ. ಕೆಂಪು ನೀರು ಬಂತೆಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಇದನ್ನು ನಾವು ಪೈಪಿಂಗ್ ಎನ್ನುತ್ತೇವೆ. ತೂತು ಗಳಿಗೆಗಳಿಗೆಗೂ ಹಿಗ್ಗುತ್ತದೆ, ಕೊನೆಗೆ ಏರಿ ಕುಸಿಯುತ್ತದೆ. ತಲೆಯೆತ್ತಿ ನೋಡಿದೆ. ತೂತಿನ ನೇರ ಮೇಲೆ ನಾನು ಕೊಯ್ಸಿದ ಅತ್ತಿಮರದ ಬುಡ ಇತ್ತು.

ಪಟೇಲ್ ಸಿದ್ದೇಗೌಡರು ಅಲ್ಲೇ ನಿಂತಿದ್ದರು. "ಅವತ್ತು ಬ್ಯಾಡ ಅಂದೊ. ನೀವು ಕೇಳ್ನಿಲ್ಲ. ಈಗ ಗಂಗವ್ವ ಕೇಳ್ತಾವ್ಳೆ" ಎಂದರು. ಬೇರು ಕೊಳೆತು ಏರಿಯೊಳಗೆ ಕೊಳವೆಯಾಗಿದೆ ಎಂದು ನನಗೆ ತಿಳಿದಿತ್ತು. ಕಾರಣದ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಿದ್ದರೂ ತಪ್ಪು ಯಾರದೆಂಬುದರಲ್ಲಿ ಜಗಳವಿರಲಿಲ್ಲ. ಮನೆಗಳನ್ನು ಖಾಲಿ ಮಾಡಿಸಿ, ಹೆಂಗಸರು, ಮಕ್ಕಳು, ದನಗಳನ್ನು ಊರಾಚೆಯ ಬಂಡೆಯ ಮೇಲಕ್ಕೆ ಕಳಿಸಲು ಹೇಳಿದೆ. ಮುದುಕರು ಕೆಲವರು ಮನೆ ಬಿಟ್ಟು ಏಳಲೊಪ್ಪಲಿಲ್ಲ. ಕೋಡಿಯನ್ನು ಒಡೆಯುವ ಹಾಗಿರಲಿಲ್ಲ, ಆ ನೀರೂ ಊರಿನ ಮೇಲೇ ಬರುತ್ತಿತ್ತು. ಉಳಿದಿದ್ದು ಒಂದೇ ದಾರಿ. ಯಾರಾದರೂ ಕೆರೆಗೆ ಇಳಿದು, ತೂತಿನ ಬಾಯಿ ಹುಡುಕಿ, ಹುಲ್ಲು ಜೇಡಿಮಣ್ಣು ಸುತ್ತಿದ ಕಂಬಳಿಯ ಉಂಡೆಯನ್ನು ಅದಕ್ಕೆ ತುರುಕಬೇಕು. ಎರಡಾಳು ಆಳದ ನೀರು. ಕೆಸರಿನಲ್ಲಿ ಕಣ್ಣು ಕಾಣುವುದಿಲ್ಲ. ತೂತಿನ ಸೆಳೆತಕ್ಕೆ ಸಿಕ್ಕಿದ ಕೈ ವಾಪಸು ಬರುವುದು ಕಷ್ಟ.

ನಾನು ಕೇಳುವ ಮೊದಲೇ ಊರಿನ ನೀರುಗಂಟಿ ಕೆಂಚಯ್ಯ ಪಂಚೆ ಎತ್ತಿ ಕಟ್ಟಿದ್ದ. ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುವುದು ತಲೆತಲಾಂತರದಿಂದ ಅವನ ಮನೆತನದ ಕೆಲಸ. ನಲವತ್ತೈದರ ಸುಮಾರಿನ ಒಣಕಲು ಮನುಷ್ಯ. ಅವನ ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಅವನ ಅಣ್ಣ ತಿರುಮಲಯ್ಯ ಹಿಡಿದ. ಆಗ ನಾನು ಹಿಂದೆಂದೂ ಕಾಣದ್ದೊಂದನ್ನು ಕಂಡೆ. ಕೆಂಚಯ್ಯ ಮುಳುಗಿದ ಕೂಡಲೇ ತಿರುಮಲಯ್ಯ ಗಂಗವ್ವನ ಪ್ರಾರ್ಥನೆ ಹೇಳತೊಡಗಿದ. ಒಂದೊಂದು ಸಾಲು ಮುಗಿದಾಗಲೂ ಹಗ್ಗವನ್ನು ಒಂದು ಸಲ ಮೆಲ್ಲಗೆ ಜಗ್ಗಿದ. ಒಟ್ಟು ಒಂಬತ್ತು ಸಾಲು. ಕೆಳಗಿರುವವನು ಅದೇ ಸಾಲುಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಕೆಲಸ ಮಾಡುತ್ತಾನೆ. ಒಂಬತ್ತನೆಯ ಸಾಲು ಮುಗಿಯಿತೆಂದರೆ, ಏನೇ ಆಗಿರಲಿ, ಮೇಲಿನವರು ಎಳೆದುಕೊಳ್ಳಬೇಕು. ಇದು ಅವರ ಮನೆತನದ ಕಟ್ಟುಪಾಡು.

ನಾನು ಅಭ್ಯಾಸಬಲದಿಂದ ಗಡಿಯಾರ ನೋಡುತ್ತಿದ್ದೆ. ಮೊದಲ ಸಲ ತಿರುಮಲಯ್ಯ ನಲವತ್ತೆರಡು ಸೆಕೆಂಡಿಗೆ ಎಳೆದುಬಿಟ್ಟ. ಎರಡನೆಯ ಸಲ ಮೂವತ್ತೈದಕ್ಕೇ ಎಳೆದ. ಹಿಂಬದಿಯಿಂದ ಯಾರೋ "ತೂತು ದೊಡ್ಡದಾಯ್ತು!" ಎಂದು ಕೂಗಿದ್ದೇ ಅವನ ಪ್ರಾರ್ಥನೆ ಓಟ ಕಿತ್ತಿತ್ತು. ಮೇಲೆ ಬಂದ ಕೆಂಚಯ್ಯನ ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಅಣ್ಣೋ, ಏನಾಗದೆ ನಿಂಗೆ? ಕೈ ತೂತ್ನೊಳ್ಗಿತ್ತು, ಎಳ್ದುಬುಟ್ಯಲ್ಲ!"

"ನಾಲ್ಗೆ ನನ್ ಮಾತು ಕೇಳ್ತಾ ಇಲ್ಲ ಕಣ್ಲಾ" ಎಂದು ತಿರುಮಲಯ್ಯ ಅತ್ತೇಬಿಟ್ಟ.

ನಾನು ಗಡಿಯಾರ ತೋರಿಸಿ, "ಇದನ್ನು ನೋಡಿಕೊಂಡು ನಾನೇ ಜಗ್ಗುತ್ತೇನೆ, ಏಳು ಸೆಕೆಂಡಿಗೊಂದು ಸಲ" ಎಂದೆ. ಕೆಂಚಯ್ಯ ಬೇಡವೆಂದು ತಲೆಯಾಡಿಸಿದ. "ಸಾಲೆಲ್ಲಾ ಒಂದೇ ಉದ್ದ ಇಲ್ಲ ಸಾ. ನಿಮ್ ಗಡಿಯಾರ ನಂಗೆ ಒಳ್ಗೆ ಕಾಣಾಕಿಲ್ಲ. ಅಲ್ಲಿ ನನ್ತವ ಇರಾದು ಈ ಒಂಬತ್ತು ಸಾಲೇಯ. ಮ್ಯಾಲೂ ಅದೇ ಇರ್ಬೇಕು." ಪಟೇಲರು ತಾವು ಹೇಳುತ್ತೇವೆಂದು ಮುಂದೆ ಬಂದರು. "ನೀವು ಬ್ಯಾಡಿ ಗೌಡ್ರೇ. ನಿಮ್ ಮನೆ ಕೆಳಗದೆ. ನೀವು ಅವ್ವನ್ನ ಬೇಡ್ಕತೀರಿ. ಬೇಡ್ಕಂಡ್ರೆ ಮಾತು ಓಡ್ತದೆ" ಎಂದ ಕೆಂಚಯ್ಯ. ಆಮೇಲೆ ನನ್ನ ಕಡೆ ತಿರುಗಿದ. "ಈ ಸಾ ಏಳ್ಲಿ. ಇವ್ರಿಗೆ ಅವ್ವನೂ ಇಲ್ಲ, ಅಯ್ಯನೂ ಇಲ್ಲ. ಇದ್ದಷ್ಟು ಏಳ್ತಾರೆ, ಬುಡ್ತಾರೆ."

ಅಷ್ಟು ಜನರ ಎದುರಿಗೆ ಅದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಯಾರೂ ನಗಲಿಲ್ಲ. ನಾನು ಫೀಲ್ಡ್ ಬುಕ್ ತೆಗೆದು, ಲೆವೆಲ್ ಅಂಕಿಗಳ ಪಕ್ಕದಲ್ಲಿ ಆ ಒಂಬತ್ತು ಸಾಲು ಬರೆದುಕೊಂಡೆ. "ಏರಿ ಕಾಯೋ ಗಂಗವ್ವ" ಎಂದು ಶುರುವಾಗಿ, "ತಕ್ಕೊಂಡ ಉಸಿರ ತಿರುಗಾ ದಡಕ್ಕೆ ಕೊಡು" ಎಂದು ಮುಗಿಯುತ್ತದೆ. ಬರೆಯುತ್ತಾ ಹೋದಂತೆ ನನ್ನ ಜಂಬ ಕೊಂಚ ಇಳಿಯಿತು. ಮೊದಲ ಎರಡು ಸಾಲು ಗಿಡ್ಡ, ಅದು ಮುಳುಗುವ ಹೊತ್ತು. ಮೂರರಿಂದ ಏಳು ಉದ್ದ, ಅದು ಹುಡುಕಿ ಕೆಲಸ ಮಾಡುವ ಹೊತ್ತು. ಎಂಟನೆಯದು ಮತ್ತೆ ಗಿಡ್ಡ, ಅಷ್ಟರಲ್ಲಿ ಕೈ ಬಿಡಿಸಿಕೊಂಡಿರಬೇಕು. ಯಾರೋ ಬಲ್ಲವರು ಉಸಿರನ್ನು ಅಳತೆ ಮಾಡಿ ಕಟ್ಟಿದ ಸಾಲುಗಳಿವು. ಅವರು ಯಾವ ಕಾಲೇಜಿಗೂ ಹೋದವರಲ್ಲ. ದಡದಲ್ಲೇ ಎರಡು ಸಲ ಹೇಳಿ ಹಗ್ಗ ಜಗ್ಗಿ ತೋರಿಸಿದೆ. ಅರವತ್ತೈದು ಸೆಕೆಂಡು ಹಿಡಿಯಿತು. "ಇದೇ ನಡಿಗೆ" ಎಂದು ಕೆಂಚಯ್ಯ ಉಂಡೆ ಹಿಡಿದು ಇಳಿದ.

ಮೊದಲ ಸಾಲು ಹೇಳಿದೆ, ಜಗ್ಗಿದೆ. ಎರಡನೆಯದು, ಮೂರನೆಯದು. ಸುತ್ತ ಇಪ್ಪತ್ತು ಮೂವತ್ತು ಜನ ತಂತಮ್ಮ ದೇವರನ್ನು ಕೂಗುತ್ತಿದ್ದರು. ಆರನೆಯ ಸಾಲಿಗೆ ಬಂದೆ. ನಿಜ ಹೇಳುತ್ತೇನೆ, ನನಗೂ ಬೇಡಿಕೊಳ್ಳಬೇಕೆನಿಸಿತು. ಯಾರನ್ನು ಎಂದು ತಿಳಿಯದಿದ್ದರೂ ಬೇಡಿಕೊಳ್ಳಬೇಕೆನಿಸಿತು. ಹಲ್ಲು ಕಚ್ಚಿ ಬರೀ ಪದಗಳನ್ನು ಹೇಳಿದೆ. ಒಂಬತ್ತನೆಯ ಸಾಲು ಮುಗಿಯಿತು. ಕೆಳಗಿನಿಂದ ಸೂಚನೆಯಿಲ್ಲ. ಹಿಂಬದಿಯ ನೀರು ಇನ್ನೂ ಕೆಂಪು.

ಪಟೇಲರು ನನ್ನ ತೋಳು ಹಿಡಿದುಕೊಂಡರು. "ಎಳೀಬ್ಯಾಡಿ ಸಾ! ಕೈಗೆ ಸಿಕ್ಕಿರ್ತದೆ. ಇನ್ನೊಂದ್ ಕಿತ ಏಳಿ, ನಿಮ್ ಕಾಲಿಗೆ ಬೀಳ್ತೀನಿ."

ಅರವತ್ತು ಮನೆ ಅವರದು. ಕಡಿದ ಮರ ನನ್ನದು. ಇನ್ನೊಂದು ಸಾಲು ಹೇಳಿದರೆ ತೂತು ಮುಚ್ಚೀತು, ನನ್ನ ತಪ್ಪೂ ಮುಚ್ಚೀತು ಎಂಬ ಆಸೆ ನನಗೂ ಬಂದಿತ್ತು. ಆದರೆ ಕೆಳಗಿರುವವನು ಒಂಬತ್ತು ಸಾಲಿಗೆ ಮಾತ್ರ ಉಸಿರು ತೆಗೆದುಕೊಂಡು ಹೋಗಿದ್ದ. ಹತ್ತನೆಯದನ್ನು ಸೇರಿಸಲು ನಾನು ಯಾರು? "ಎಳೀರಿ!" ಎಂದು ಕೂಗಿ ನಾನೂ ತಿರುಮಲಯ್ಯನೂ ಸೇರಿ ಎಳೆದೆವು. ಕೆಂಚಯ್ಯ ಮೇಲೆ ಬಂದು ಮೂರು ಸಲ ಏದುಸಿರು ಬಿಟ್ಟ. ಪಟೇಲರತ್ತ ನೋಡಲೂ ಇಲ್ಲ. "ಸರ್ಯಾಗಿ ಎಳುದ್ರಿ ಸಾ. ಕೈ ಆಗ್ತಾನೆ ಬುಡುಸ್ಕಂಡಿದ್ದೆ. ಇನ್ನೊಂದ್ ಗಳಿಗೆ ಆಗಿದ್ರೆ ನೀರು ಕುಡೀತಿದ್ದೆ" ಎಂದ. "ಉಂಡೆ ಅರ್ಧ ಕೂತದೆ. ಇನ್ನೊಂದು ಕೊಡಿ, ಒಂದು ಚಪ್ಪಡಿ ಕಲ್ಲೂ ಕೊಡಿ."

ನಾಲ್ಕನೆಯ ಸಲ ಇಳಿದ. ನಾನು ಹೇಳುತ್ತಾ ಹೋದೆ. ಏಳನೆಯ ಸಾಲಿನ ನಡುವೆ ಹಿಂಬದಿಯಿಂದ ತಳವಾರ, "ನೀರು ಕಮ್ಮಿಯಾಯ್ತು! ತಿಳಿಯಾಯ್ತು!" ಎಂದು ಕಿರುಚಿದ. ಏರಿಯ ಮೇಲಿನ ಜನವೆಲ್ಲ ಹೋ ಎಂದು ಕುಣಿಯಿತು. ಭಯದಲ್ಲಿ ಮಾತು ಓಡುವುದನ್ನು ಅದಾಗಲೇ ಕಂಡಿದ್ದೆ, ಸಂತೋಷದಲ್ಲಿ ಅದಕ್ಕಿಂತ ಜೋರಾಗಿ ಓಡುತ್ತದೆ ಎಂಬುದು ಆಗ ಗೊತ್ತಾಯಿತು. ಕೆಂಚಯ್ಯ ಇನ್ನೂ ಕತ್ತಲ ನೀರಿನಲ್ಲಿ ಕಲ್ಲನ್ನು ಕೂರಿಸುತ್ತಿದ್ದ, ಅವನಿಗೆ ಈ ಗಲಾಟೆ ಒಂದೂ ಕೇಳಿಸುವುದಿಲ್ಲ. ಏಳನೆಯ ಸಾಲನ್ನು ಅದರ ನಡಿಗೆಯಲ್ಲೇ ಮುಗಿಸಿದೆ. ಎಂಟು. ಒಂಬತ್ತು. ಎಳೆದೆವು. ಅವನು ದಡದ ಕಲ್ಲಿನ ಮೇಲೆ ಮಲಗಿ ಆಕಾಶ ನೋಡುತ್ತಾ ನಕ್ಕ. ನಾನು ಅವನ ಪಕ್ಕದಲ್ಲಿ ಕೂತು, ನಾಚಿಕೆ ಬಿಟ್ಟು, ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಹಿಂಬದಿಯಲ್ಲಿ ಬೆರಳು ಗಾತ್ರದ ತಿಳಿನೀರು ಮಾತ್ರ ಜಿನುಗುತ್ತಿತ್ತು. ಊರವರು ಮಣ್ಣಿನ ಮೂಟೆ ಒಟ್ಟಿ ಅದನ್ನೂ ಬಲಪಡಿಸಿದರು. ಅರವತ್ತು ಮನೆಗಳಲ್ಲಿ ಒಂದರ ಗೋಡೆಯೂ ಒದ್ದೆಯಾಗಲಿಲ್ಲ. ಪಟೇಲರು ತೆಂಗಿನಕಾಯಿ ತಂದು, ಇವತ್ತಾದರೂ ಗಂಗವ್ವನಿಗೆ ಒಡೆಯಿರಿ ಎಂದು ನನ್ನ ಮುಂದೆ ಹಿಡಿದರು. ಕೈ ಮುಂದಾಗಲಿಲ್ಲ. ಒಡೆದಿದ್ದರೆ ಅದು ಊರವರಿಗೆ ಹೆದರಿ ಒಡೆದದ್ದಾಗುತ್ತಿತ್ತು. ಕೆಂಚಯ್ಯನೇ ನಡುವೆ ಬಂದ. "ಬುಡಿ ಗೌಡ್ರೇ, ಅವ್ರು ಏಳ್ಬೇಕಾದ್ದು ಏಳಾಯ್ತು" ಎಂದು ಕಾಯಿ ಇಸಿದುಕೊಂಡು ತಾನೇ ಒಡೆದ. ನನ್ನ ಪಾಲಿನ ಚೂರನ್ನು ಸಂತೋಷವಾಗಿ ತಿಂದೆ, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇಲಾಖೆಗೆ ಕಳಿಸಿದ ರಿಪೋರ್ಟಿನಲ್ಲಿ ಬೇರು ತೆಗೆಸದೆ ಬಿಟ್ಟದ್ದು ನನ್ನ ತಪ್ಪೆಂದು ಬರೆದೆ. ಅದಕ್ಕೆ ಲಿಖಿತ ಎಚ್ಚರಿಕೆ ಬಂತು. ಬೇಸಿಗೆಯಲ್ಲಿ ಬೇರುಗಳನ್ನು ಕೊನೆಯ ಎಳೆಯವರೆಗೆ ಅಗೆಸಿ ಜೇಡಿಮಣ್ಣು ತುಂಬಿಸಿದೆ.

ನೌಕರಿ ನನಗೆ ಕಲಿಸಿದ್ದು ಇಷ್ಟು. ಪ್ರಾಣದ ಮೇಲೆ ಬಂದಾಗ ಒಬ್ಬ ನಂಬುತ್ತಾನೆ, ಇನ್ನೊಬ್ಬ ನಂಬುವುದಿಲ್ಲ. ನೀರಿನೊಳಗೆ ಇರುವವನಿಗೆ ಅದರ ಲೆಕ್ಕ ಬೇಡ. ಮೇಲಿನವನು ಹೇಳಿದ ಮಾತಿಗೆ ಒಂದಕ್ಷರ ಕಡಿಮೆ ಮಾಡದೆ, ಒಂದಕ್ಷರ ಹೆಚ್ಚು ಮಾಡದೆ ನಿಲ್ಲುತ್ತಾನೋ ಇಲ್ಲವೋ ಎಂಬುದೊಂದೇ ಅವನಿಗೆ ಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಆವತ್ತು ನಿಂತೆ.

೧೯೪೧ರಲ್ಲಿ ನಾನು ಅರಕಲಗೂಡಿನಲ್ಲಿದ್ದಾಗ ಪಟೇಲರಿಂದ ಕಾಗದ ಬಂತು. ತಿರುಮಲಯ್ಯ ತೀರಿಹೋಗಿದ್ದ. ಕೆರೆಯ ತೂಬಿನ ಬಿರಡೆ ಸಿಕ್ಕಿಕೊಂಡಿದೆ, ಕೆಂಚಯ್ಯ ಮುಳುಗಬೇಕು, ಹಗ್ಗ ಹಿಡಿಯಲು ನೀವೇ ಬರಬೇಕೆಂದು ಹಟ ಹಿಡಿದಿದ್ದಾನೆ ಎಂದು ಬರೆದಿದ್ದರು. ರಜೆ ಕೇಳಲು ಮೇಲಧಿಕಾರಿಗಳ ಮುಂದೆ ನಿಂತೆ.

"ಆ ಕೆರೆ ಈಗ ನಿಮ್ಮ ಹದ್ದಿಗೆ ಸೇರಿಲ್ಲವಲ್ಲ, ಅಲ್ಲಿ ಹೋಗಿ ಏನು ಮಾಡುತ್ತೀರಿ?" ಎಂದರು.

"ಪ್ರಾರ್ಥನೆ ಹೇಳುತ್ತೇನೆ ಸಾರ್."

ನನಗೆ ಬಿದ್ದಿದ್ದ ಅಡ್ಡಹೆಸರು ಅವರಿಗೂ ಗೊತ್ತಿತ್ತು. ಕನ್ನಡಕ ತೆಗೆದು ನನ್ನನ್ನು ಒಮ್ಮೆ ನೋಡಿ ರುಜು ಹಾಕಿದರು. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹೋದೆ. ಕೆಂಚಯ್ಯ ಏರಿಯ ಮೇಲೆ ಹಗ್ಗ ಸುತ್ತಿಟ್ಟುಕೊಂಡು ಕಾಯುತ್ತಿದ್ದ. ತಲೆ ನರೆತಿತ್ತು. ಹಗ್ಗದ ತುದಿಯನ್ನು ನನಗೆ ಕೊಡುವ ಮೊದಲು ಒಂದು ಗಳಿಗೆ ತಡೆದ.

"ಈಗ್ಲೂ ನಂಬಾಕಿಲ್ವಾ ಸಾ?"

"ಇಲ್ಲ ಕೆಂಚಯ್ಯ."

"ಅಂಗಾರೆ ಸರಿ, ಇಡ್ಕಳಿ" ಎಂದು ಹಗ್ಗವನ್ನು ನನ್ನ ಕೈಗಿಟ್ಟು ನೀರಿಗೆ ಇಳಿದ.