ಕಾರ್ಡಿನ ಜೋಡಿ ಒಂದು ಡಬ್ಬಿ

ಅಂಗಡಿಯಿಂದ ಹೊರಬೀಳುವಾಗ ಎಷ್ಟು ನಿಧಾನವಾಗಿ ನಡೆಯಬೇಕು ಎನ್ನುವುದೂ ಒಂದು ವಿದ್ಯೆ. ತೀರ ಬೇಗ ನಡೆದರೆ ಅಂಗಡಿಯವನು ಕೂಗುವಷ್ಟರಲ್ಲಿ ನೀವು ಕೂಗು ಕೇಳದಷ್ಟು ದೂರ ಹೋಗಿರುತ್ತೀರಿ. ತೀರ ಮೆಲ್ಲಗೆ ನಡೆದರೆ ನಿಮ್ಮ ಆಸೆ ಇನ್ನೂ ಅಂಗಡಿಯೊಳಗೇ ಇದೆಯೆಂದು ಅವನಿಗೆ ತಿಳಿದುಹೋಗುತ್ತದೆ. ಬಳ್ಳಾರಿಯಲ್ಲಿ ಹಳೆಯ ಪಂಪ್‌ಸೆಟ್ಟುಗಳನ್ನು ಕೊಂಡು, ದುರಸ್ತಿ ಮಾಡಿ ಮಾರುತ್ತಲೇ ಸ್ವಂತ ಮನೆ ಕಟ್ಟಿಕೊಂಡ ನಾನು ಈ ಮಂದಗಮನದಲ್ಲಿ ಪಾರಂಗತ. ಸೀರೆಗೆ, ಸೈಕಲ್ಲಿಗೆ, ಮದುವೆಯ ಪಾತ್ರೆಗೆ ನೆಂಟರು ನನ್ನನ್ನು ಕರೆದೊಯ್ಯುತ್ತಾರೆ. ಕರೆಯದಿದ್ದರೂ ಹೋಗುತ್ತೇನೆ.

ಇಂಥ ನನ್ನನ್ನು ಮೊನ್ನೆ ಬ್ರೂಸ್‌ಪೇಟೆಯ ಒಂದು ಗ್ರಾಫಿಕ್ಸ್ ಕಾರ್ಡು ಕೆರಳಿಸಿಬಿಟ್ಟಿತು.

ಕಾರ್ಡು ಬೇಕಾಗಿದ್ದದ್ದು ಕುರುಗೋಡಿನ ನನ್ನ ಭಾವನಿಗೆ. ಆಯುಷ್ಯವೆಲ್ಲ ಅದಿರಿನ ಲಾರಿ ಓಡಿಸಿದ ಮನುಷ್ಯ. ಹೃದಯಕ್ಕೆ ಸ್ಟೆಂಟ್ ಹಾಕಿದ ವೈದ್ಯರು ಇನ್ನು ಲಾರಿ ಮುಟ್ಟಕೂಡದೆಂದು ಹೇಳಿದ ಮೇಲೆ ಕಟ್ಟೆಯ ಮೇಲೆ ಕೂತು ಹೋಗಿಬರುವ ಗಾಡಿಗಳ ಗೇರಿನ ಸದ್ದಿಗೆ ಮುಖ ಕಿವುಚುತ್ತಿದ್ದ. ಅದನ್ನು ನೋಡಲಾರದೆ ಅವನ ಮಗಳು ಅಗ್ಗದ ಭಾಗಗಳನ್ನು ಕೂಡಿಸಿ ಒಂದು ಕಂಪ್ಯೂಟರ್ ಕಟ್ಟಿ, ಲಾರಿ ಓಡಿಸುವ ಆಟ ಹಾಕಿ, ಮೇಜಿಗೆ ಸ್ಟೀರಿಂಗನ್ನೂ ಬಿಗಿದುಕೊಟ್ಟಳು. ಗ್ರಾಫಿಕ್ಸ್ ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ರಸ್ತೆ ತುಂಡು ತುಂಡಾಗಿ ಬರುತ್ತಿತ್ತು. ತಿರುವು ಕಾಣುವ ಹೊತ್ತಿಗೆ ಲಾರಿ ಯಾರದೋ ಹೊಲದಲ್ಲಿರುತ್ತಿತ್ತು.

‘ಲೇ ಶೇಖ್ರ, ಜಿಂದಗಿನಾಗ ಒಂದು ಕೋಳಿ ಮ್ಯಾಲ ಹತ್ತಿಸಿಲ್ಲ ನಾ’ ಎಂದು ಭಾವ ಗೋಳಾಡಿದ. ‘ಇದರಾಗ ದಿನಾ ಲಾರಿ ಮಗುಚಾಕತ್ತೈತಿ. ಮಗಳ ಮುಂದ ಮರ್ಯಾದಿ ಹೋತು.’

ಕಾರ್ಡು ಆರಿಸುವುದೇನು ಬ್ರಹ್ಮವಿದ್ಯೆಯಲ್ಲ, ಕೇಳಿ. ಪೆಟ್ಟಿಗೆಯ ಮೇಲಿನ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಕಾರ್ಡು ದೊಡ್ಡದಾಗುವುದಿಲ್ಲ. ಬಣ್ಣಬಣ್ಣದ ದೀಪಕ್ಕೆ ದುಡ್ಡು ಸುರಿಯಬೇಡಿ, ದೀಪ ಆಟವಾಡುವುದಿಲ್ಲ. ಹಳೆಯ ಕಾರ್ಡಾದರೆ ಅದರ ಮೇಲಿನ ಪುಟ್ಟ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ. ಇಷ್ಟನ್ನು ಕಲಿತುಕೊಂಡೇ ನಾನು ಭಾವನನ್ನೂ ಕರೆದುಕೊಂಡು ಹೋಗಿದ್ದೆ. ಯಾವ ಕಾರ್ಡೆಂಬುದನ್ನು ಭಾವನ ಮಗಳು, ಅಂದರೆ ನನ್ನ ಸೊಸೆ, ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಅಂಗಡಿಯವನು ಅದನ್ನೇ ತೆಗೆದು ಗಾಜಿನ ಮೇಲಿಟ್ಟ. ನಾನು ಸಂಪ್ರದಾಯದಂತೆ ಅದನ್ನು ಹೀಗಳೆಯಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕಕ್ಕೊಂದು ತಗಡಿನ ಡಬ್ಬಿಯೂ ಬಂತು, ಕಂಪ್ಯೂಟರಿಗೆ ಕರೆಂಟು ಹಂಚುವಂಥದ್ದು.

‘ಮಾಲು ಬರಾಕತ್ತಿಲ್ಲರೀ’ ಎಂದ. ‘ಕಾರ್ಡೊಂದ ಕೊಡಾಕ ಬರಂಗಿಲ್ಲ. ಅದರ ಜೋಡಿ ಈ ಪವರ್ ಸಪ್ಲೈನೂ ತಗೋಬೇಕು.’

‘ನಮ್ಮ ಕಂಪ್ಯೂಟರಿಗೆ ಚಲೋದು ಐತಲ್ಲಪಾ.’

‘ಇರ್ಲಿ ಬಿಡ್ರಿ. ಇದನ್ನ ಮನ್ಯಾಗ ಇಟ್ಟುಬಿಡ್ರಿ.’

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ದೇಶನೂರಿನ ನಮ್ಮ ಭತ್ತದ ಗದ್ದೆಗೆ ಯೂರಿಯಾ ತರಲು ಅಪ್ಪ ಸಿರುಗುಪ್ಪಕ್ಕೆ ಹೋದರೆ, ಅಲ್ಲಿ ಗೊಬ್ಬರದ ವ್ಯಾಪಾರಿ ಚೀಲದ ಜೊತೆ ಯಾವುದೋ ಔಷಧದ ಬಾಟಲಿಯನ್ನೂ ಹೊರಿಸುತ್ತಿದ್ದ. ಅದಕ್ಕೆ ‘ಲಿಂಕ್’ ಎಂದು ಹೆಸರು. ಬೇಡವೆಂದರೆ ಚೀಲವೂ ಇಲ್ಲ. ಮನೆಯ ಅಟ್ಟದಲ್ಲಿ ಮುಚ್ಚಳ ತೆರೆಯದ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು. ಗೊಬ್ಬರದಂಗಡಿಯ ಆ ಅನಾಚಾರ ಪ್ಯಾಂಟು ತೊಟ್ಟು, ಹವಾನಿಯಂತ್ರಿತ ಕೋಣೆಯಲ್ಲಿ ಕೂತು ನನಗೇ ‘ಇಟ್ಟುಬಿಡ್ರಿ’ ಎನ್ನುವುದೆಂದರೆ? ಡಬ್ಬಿಯನ್ನು ಕೈಯಲ್ಲಿ ತೂಗಿದೆ. ಮೋಟಾರಿನವನ ಕೈಗೆ ಸುಳ್ಳು ಹೇಳಲಾಗದು; ಒಳಗೆ ಗಾಳಿಯೇ ಹೆಚ್ಚು, ತಾಮ್ರ ಕಡಿಮೆ.

ಬೈದೆ. ನಿಂದಿಸಿದೆ. ಕೊನೆಗೆ ಭಾವನ ತೋಳು ಹಿಡಿದು ನನ್ನ ಸುಪ್ರಸಿದ್ಧ ನಡಿಗೆಯಲ್ಲಿ ಹೊರಟೆ. ಯಾರೂ ಕೂಗಲಿಲ್ಲ. ಇನ್ನಷ್ಟು ನಿಧಾನಿಸಿದೆ. ಒಮ್ಮೆ ನಿಂತು ಚಪ್ಪಲಿಯ ಧೂಳನ್ನೂ ಕೊಡವಿದೆ. ಹಿಂದಿನಿಂದ ಕೇಳಿಬಂದದ್ದು ಮುಂದಿನ ಗಿರಾಕಿಗೆ ಅದೇ ಡಬ್ಬಿ ತೋರಿಸುವ ಸದ್ದು ಮಾತ್ರ.

ಉಳಿದ ಅಂಗಡಿಗಳಲ್ಲಿ ಆ ಕಾರ್ಡೇ ಇರಲಿಲ್ಲ. ಕುರುಗೋಡಿನ ಬಸ್ಸು ಹತ್ತಿದೆವು. ಅನ್ಯಾಯಕ್ಕೆ ತಲೆಬಾಗಲಿಲ್ಲವೆಂಬ ಹೆಮ್ಮೆಯಲ್ಲಿ ನಾನು ದೊಡ್ಡ ದನಿಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಭಾವ ಚಾಲಕನ ಹಿಂದಿನ ಸೀಟಿನಲ್ಲಿ ಕೂತಿದ್ದ. ಊರ ಜನಜಂಗುಳಿಯಲ್ಲಿ ಚಾಲಕ ಬ್ರೇಕು ಒತ್ತುವ ಒಂದು ಗಳಿಗೆ ಮೊದಲೇ ಇವನ ಬಲಗಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಅಲ್ಲಿ ಏನೂ ಇರಲಿಲ್ಲ, ಆದರೂ ಒತ್ತುತ್ತಿತ್ತು.

ನನ್ನ ಭಾಷಣ ಅಲ್ಲಿಗೆ ನಿಂತಿತು. ಹೊರಟುಹೋಗುವ ವಿದ್ಯೆ ಫಲಿಸುವುದು, ವಸ್ತುವಿಲ್ಲದೆಯೂ ಬದುಕಬಲ್ಲವನಿಗೆ. ಗೊಬ್ಬರವಿಲ್ಲದೆ ಪೈರು ಹಳದಿಯಾಗುತ್ತಿದ್ದಾಗ ಅಪ್ಪ ಯಾವ ನಡಿಗೆ ನಡೆಯಬೇಕಿತ್ತು? ಆ ವ್ಯಾಪಾರಿ ಬಾಟಲಿಯನ್ನು ಮಾರಲಿಲ್ಲ. ಅಪ್ಪನ ಅಗತ್ಯವನ್ನು ಅಪ್ಪನಿಗೇ ಮಾರಿದ. ಇಷ್ಟು ವರ್ಷ ನಾನು ಗೆದ್ದದ್ದೆಲ್ಲ ಇಲ್ಲದಿದ್ದರೂ ನಡೆಯುವ ಸೀರೆ, ಪಾತ್ರೆಗಳ ಮೇಲೆ.

‘ಇಳಿ ಭಾವ’ ಎಂದೆ.

ಹಿಂದಿರುಗಿ, ಚೌಕಾಸಿ ಮಾಡದೆ, ಕಾರ್ಡನ್ನೂ ಡಬ್ಬಿಯನ್ನೂ ಕೊಂಡೆ. ಅಂಗಡಿಯವನು ನಕ್ಕ. ಆ ನಗೆಯನ್ನು ನಾನು ಕ್ಷಮಿಸಿಲ್ಲ, ನೀವೂ ಕ್ಷಮಿಸಬೇಡಿ. ಡಬ್ಬಿಗೂ ಬಿಲ್ ಬರೆಸಿಕೊಂಡು ಬಂದಿದ್ದೇನೆ, ಎಲ್ಲಿ ದೂರು ಕೊಡಬೇಕೆಂದು ವಿಚಾರಿಸುತ್ತಿದ್ದೇನೆ.

ಸೊಸೆ ಕಾರ್ಡು ಕೂಡಿಸಿದಳು. ರಸ್ತೆ ನುಣ್ಣಗೆ ಉರುಳಿತು. ಭಾವ ಎದುರು ಬಂದ ಬಸ್ಸಿಗೆ ದಾರಿ ಬಿಟ್ಟು, ತಿರುವಿಗೆ ಬಹಳ ಮೊದಲೇ ವೇಗ ಇಳಿಸಿ, ಲಾರಿಯ ಒಂದು ಗಾಲಿಯೂ ಮಣ್ಣಿಗೆ ತಾಕದಂತೆ ಹೊರಳಿಸಿದ. ನಾನು ಬಾಗಿಲಲ್ಲಿ ನಿಂತು ಇನ್ನೂ ಬೈಯುತ್ತಿದ್ದೆ.

‘ಬೈಯೂದು ಆಮ್ಯಾಲ ಇರಲಿ’ ಎಂದ ಭಾವ, ರಸ್ತೆಯಿಂದ ಕಣ್ಣು ತೆಗೆಯದೆ. ‘ಮೊದಲ ಲಾರಿ ಹತ್ತು.’

ಕ್ಲೀನರು ಕೂಡುವ ಎಡಬದಿಗೆ ಕುರ್ಚಿ ಎಳೆದುಕೊಂಡು ಕೂತೆ. ಸಿಟ್ಟನ್ನೇನೂ ಕೆಳಗಿಳಿಸಿ ಹತ್ತಲಿಲ್ಲ.